ಕಪ್ಪು ತೆರೆಯಿಂದ ಕನ್ನಡ ಬರಹ: ಸಾದಾ ಕಡತ, ಚೊಕ್ಕ ಅಕ್ಷರ

ಮುಂಬಯಿ ಕನ್ನಡಿಗರಲ್ಲಿ ಬರೆಯುವವರಿಗೆ ಕೊರತೆಯಿಲ್ಲ. ಸಂಘದ ಸ್ಮರಣ ಸಂಚಿಕೆ, ಸಮಾಜದ ಮಾಸಪತ್ರಿಕೆ, ಯಕ್ಷಗಾನ ಮಂಡಳಿಯ ವಾರ್ಷಿಕೋತ್ಸವದ ಪುಸ್ತಿಕೆ, ಎಲ್ಲದಕ್ಕೂ ಲೇಖನ ಹೋಗುತ್ತಲೇ ಇರುತ್ತದೆ. ಆದರೆ ಇಪ್ಪತ್ತು ವರ್ಷದ ಹಿಂದಿನ ಲೇಖನವೊಂದನ್ನು ಕೇಳಿ ನೋಡಿ. ಕಾಗದದ ಪ್ರತಿ ಕಪಾಟಿನಿಂದ ಹೊರಬರುತ್ತದೆ. ಕಡತ ಉಳಿದಿದ್ದರೆ ಅದು ಪುಟವಿನ್ಯಾಸದ ತಂತ್ರಾಂಶವಾದ ಪೇಜ್‌ಮೇಕರ್‌ನದು, ಅಕ್ಷರ ನುಡಿಯದೋ ಶ್ರೀಲಿಪಿಯದೋ ಹಳೆಯ ಫಾಂಟಿನದು. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಕಾಣುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ.

ಪ್ರತಿ ಅಕ್ಷರಕ್ಕೂ ಒಂದು ಸ್ಥಿರ ಸಂಖ್ಯೆ ಕೊಡುವ ವ್ಯವಸ್ಥೆ ಯೂನಿಕೋಡ್. ಅದರಲ್ಲಿರುವ ಸಾದಾ ಪಠ್ಯಕ್ಕೆ ಈ ಗತಿ ಬರುವುದಿಲ್ಲ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅಲ್ಲಿ 128 ಮನೆಗಳ ಜಾಗ ಸಿಕ್ಕಿತ್ತು. ಅಂಥ ಕಡತಗಳ ಒಂದು ಕೋಶ (ಫೋಲ್ಡರ್), ಅದನ್ನು ಜಾಲಪುಟವಾಗಿ ಮಾಡುವ ಒಂದೆರಡು ಆಜ್ಞೆ, ಸರ್ವರ್‌ಗೆ ಕಳಿಸುವ ಇನ್ನೊಂದು ಆಜ್ಞೆ: ಬ್ಲಾಗ್ ನಡೆಸಲು ಇಷ್ಟು ಸಾಕು. ಡೇಟಾಬೇಸ್ ಬೇಡ, ಲಾಗಿನ್ ಪುಟ ಬೇಡ, ಪ್ಲಗಿನ್ ಬೇಡ. ಈ ಯಂತ್ರವನ್ನು ಜೋಡಿಸಲು ಒಂದು ಸಂಜೆ ಸಾಕು. ಕನ್ನಡದ ಅಕ್ಷರವನ್ನು ಒಳಗಿನಿಂದ ಚೊಕ್ಕವಾಗಿಡುವುದು ಮಾತ್ರ ನಿತ್ಯದ ಕೆಲಸ, ಮತ್ತು ಅದನ್ನು ಯಾರೂ ಹೇಳಿಕೊಡುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಹೆಚ್ಚು ಜಾಗ ಅದಕ್ಕೇ ಹೋಗುತ್ತದೆ.

ಆಜ್ಞೆಗಳ ಹೆಸರನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಕೊಡುವ ಕಪ್ಪು ತೆರೆಯಲ್ಲಿ, ಅವನ್ನು ರೋಮನ್ ಸಣ್ಣಕ್ಷರದಲ್ಲಿ ಒತ್ತಬೇಕು. ದೊಡ್ಡಕ್ಷರ ಬೇಕಾದಲ್ಲಿ ಹಾಗೆಂದು ಹೇಳಿದ್ದೇನೆ.

ಬೇಕಾದ ಸಾಮಾನು

ಗಣಕದಲ್ಲಿ ಲಿನಕ್ಸ್‌ನ ಡೆಬಿಯನ್ ಅಥವಾ ಉಬುಂಟು ಇದ್ದರೆ ತಂತ್ರಾಂಶ ತರಿಸುವ ಆಪ್ಟ್ ಆಜ್ಞೆಯ ಮೂಲಕ ಇವಿಷ್ಟು ಹಾಕಿಕೊಳ್ಳಿ: ಪ್ಯಾನ್‌ಡಾಕ್, ಮೇಕ್ (ಬದಲಾದದ್ದನ್ನು ಮತ್ತೆ ಕಟ್ಟಲು), ಗಿಟ್ (ತಿದ್ದುಪಡಿಗಳ ದಾಖಲೆಗೆ), ಆರ್‌ಸಿಂಕ್ (ಸರ್ವರ್‌ಗೆ ಕಳಿಸಲು), ಐಸಿಯು-ಡೆವ್‌ಟೂಲ್ಸ್ (ಅಕ್ಷರಸಂಕೇತ ತಿದ್ದಲು), ಐಬಸ್-ಎಮ್17ಎನ್ (ಕನ್ನಡ ಕೀಲಿಮಣೆಗೆ). ಪ್ಯಾನ್‌ಡಾಕ್ ಇಲ್ಲಿನ ಮುಖ್ಯ ಯಂತ್ರ. ಬರ್ಕ್ಲಿಯಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದ ಜಾನ್ ಮ್ಯಾಕ್‌ಫಾರ್ಲೇನ್ 2006ರಲ್ಲಿ ಹೊರತಂದ ಸಾಧನ. ಸರಳ ಗುರುತುಗಳಿಂದ ಬರೆದ ಮಾರ್ಕ್‌ಡೌನ್ ಪಠ್ಯವನ್ನು ಜಾಲಪುಟದ ರೂಪವಾದ ಎಚ್‌ಟಿಎಮ್‌ಎಲ್ ಮಾಡಿಕೊಡುತ್ತದೆ. ಹ್ಯೂಗೋ, ಜೆಕಿಲ್ ಮುಂತಾದ ತಾಣ ಕಟ್ಟುವ ಸಾಧನಗಳೂ ಇವೆ, ಒಳ್ಳೆಯವೇ. ಆದರೆ ಅವುಗಳ ಆವೃತ್ತಿ ಬದಲಾದಾಗ ನಿಮ್ಮ ವಿನ್ಯಾಸದ ಕಡತಗಳನ್ನೂ ತಿದ್ದಬೇಕಾಗಿ ಬರಬಹುದು. ಪ್ಯಾನ್‌ಡಾಕ್ ಜೊತೆ ಮೇಕ್‌ಗೆ ಏನು ಮಾಡಬೇಕೆಂದು ಹೇಳುವ ಮೂವತ್ತು ಸಾಲಿನ ಮೇಕ್‌ಫೈಲ್ ಇದ್ದರೆ ಐದು ವರ್ಷ ಮುಟ್ಟದೆ ಬಿಟ್ಟರೂ ಓದಿ ಅರ್ಥ ಮಾಡಿಕೊಳ್ಳಬಹುದು. ನನ್ನ ಮತ ಅದಕ್ಕೇ.

ಕೀಲಿಮಣೆಗೆ ಐಬಸ್‌ನಲ್ಲಿ ಕನ್ನಡದ ಕೆಜಿಪಿ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಆರಿಸಿ. ನುಡಿಯಲ್ಲಿ ಬೆರಳು ಪಳಗಿದವರಿಗೆ ಇದು ಅದೇ. ಅದರ ಮೂಲ ಕೆ.ಪಿ. ರಾವ್ ಅವರ ವಿನ್ಯಾಸ. ಅವರು ಇದೇ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಒತ್ತಕ್ಷರ ಬೇಕಾದಾಗ ಎಫ್ ಕೀಲಿ ಹಲಂತ ಕೊಡುತ್ತದೆ.

ಇನ್ನು ಎಡಿಟರ್. ಇಲ್ಲಿ ಕಮಾಂಡ್ ಲೈನ್ ಮೇಲಿನ ಪ್ರೀತಿಗೆ ಸ್ವಲ್ಪ ಕಡಿವಾಣ ಬೇಕು. ಟರ್ಮಿನಲ್ ಎಂದರೆ ಚೌಕದ ಮನೆಗಳ ಜಾಲ, ಅಕ್ಷರಕ್ಕೊಂದು ಮನೆ. ನಮ್ಮ ಗುಣಿತ, ಒತ್ತು ಆ ಮನೆಯ ಅಳತೆಗೆ ಬಗ್ಗುವುದಿಲ್ಲ. ‘ಸ್ತ್ರೀ’ ಕಣ್ಣಿಗೆ ಒಂದು ಅಕ್ಷರ, ಕಡತದೊಳಗೆ ಆರು ಸಂಕೇತ. ಬಹಳಷ್ಟು ಟರ್ಮಿನಲ್‌ಗಳಲ್ಲಿ ಒತ್ತು ಕಳಚಿ ಬದಿಗೆ ನಿಲ್ಲುತ್ತದೆ, ಕರ್ಸರ್ ಒಂದು ಕಡೆ ಕಂಡರೆ ಅಳಿಸುವುದು ಇನ್ನೊಂದು ಕಡೆ. ಕಡತ ಕೆಟ್ಟಿರುವುದಿಲ್ಲ, ಕಾಣುವ ರೀತಿ ಮಾತ್ರ ಕೆಟ್ಟಿರುತ್ತದೆ; ಆದರೂ ಹಾಗೆ ಬರೆಯಲು ಸಾಧ್ಯವಿಲ್ಲ. ನ್ಯಾನೋ, ವಿಮ್‌ಗಳನ್ನು ಮೇಕ್‌ಫೈಲ್ ತಿದ್ದಲು ಇಟ್ಟುಕೊಳ್ಳಿ. ಕನ್ನಡವನ್ನು ಬರೆಯಲು ಪ್ರತ್ಯೇಕ ಕಿಟಕಿಯಲ್ಲಿ ತೆರೆಯುವ ಎಡಿಟರ್ ಬೇಕು: ಕೇಟ್, ಮೌಸ್‌ಪ್ಯಾಡ್ ಯಾವುದಾದರೂ ಸರಿ. ಈಮ್ಯಾಕ್ಸ್ ಎಡಿಟರ್ 27ನೆಯ ಆವೃತ್ತಿಯಿಂದ ಅಕ್ಷರ ಕೂಡಿಸುವ ಹಾರ್ಫ್‌ಬಜ್ ಬಳಸುವುದರಿಂದ ಅದರ ಕಿಟಕಿಯಲ್ಲೂ ಒತ್ತಕ್ಷರ ಸರಿಯಾಗಿ ಕೂಡಿಕೊಳ್ಳುತ್ತದೆ. ಉಳಿದೆಲ್ಲ ಕೆಲಸ ಟರ್ಮಿನಲ್‌ನಲ್ಲಿ.

ಕಡತದ ಹೆಸರು, ಕಡತದ ತಲೆ

ಒಂದು ಬರಹಕ್ಕೆ ಒಂದು ಕಡತ. ಹೆಸರು ದಿನಾಂಕದಿಂದ ಶುರುವಾಗಲಿ: ವರ್ಷ ನಾಲ್ಕಂಕಿ, ತಿಂಗಳು ಎರಡಂಕಿ, ದಿನ ಎರಡಂಕಿ, ನಡುವೆ ಹೈಫನ್. ಆಮೇಲೆ ರೋಮನ್ ಲಿಪಿಯಲ್ಲಿ ಎರಡು ಮೂರು ಪದ. ಹೀಗಿದ್ದರೆ ಎಲ್‌ಎಸ್ ಕೊಡುವ ಪಟ್ಟಿಯೇ ಕಾಲಾನುಕ್ರಮ, ಬೇರೆ ವಿಂಗಡಣೆ ಬೇಡ.

ಹೆಸರನ್ನೂ ಕನ್ನಡದಲ್ಲೇ ಇಡಬಾರದೇ? ಇಡಬಹುದು, ಆದರೆ ಲೆಕ್ಕ ನೋಡಿ. ಯೂನಿಕೋಡನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ವಿಳಾಸದಲ್ಲಿ ಪ್ರತಿ ಬೈಟ್ ಶೇಕಡಾ ಚಿಹ್ನೆ ಸೇರಿ 3 ಅಕ್ಷರವಾಗುತ್ತದೆ. ‘ಮುಂಬಯಿ’ಯಲ್ಲಿ 6 ಸಂಕೇತ, 18 ಬೈಟ್, ಯಾರೋ ವಿಳಾಸವನ್ನು ವಾಟ್ಸ್‌ಆ್ಯಪ್‌ಗೆ ಅಂಟಿಸಿದಾಗ ಅದು 54 ಅಕ್ಷರದ ಬಾಲವಾಗಬಹುದು. ಲಿನಕ್ಸ್‌ನಲ್ಲಿ ಕಡತದ ಹೆಸರಿಗೆ ಮಿತಿ 255 ಬೈಟ್, ಅಂದರೆ ಕನ್ನಡದ 85 ಸಂಕೇತ. ಉದ್ದ ತಲೆಬರಹ ಅಷ್ಟರಲ್ಲಿ ಮುಗಿಯದೆಯೂ ಇರಬಹುದು. ಗಿಟ್ ಬೇರೆ, ಕನ್ನಡ ಹೆಸರಿನ ಕಡತವನ್ನು ಅಕ್ಷರದಲ್ಲಿ ತೋರಿಸದೆ ‘ಮ’ ಇದ್ದಲ್ಲಿ \340\262\256 ಎಂದು ಅಂಕಿ ಸುರಿಯುತ್ತದೆ. ಅದರ ಕೋರ್ ಕೋಟ್‌ಪಾತ್ ಆಯ್ಕೆಯನ್ನು ಫಾಲ್ಸ್ ಮಾಡಿದರೆ ಇದು ಸರಿಹೋಗುತ್ತದೆ. ಉಳಿದವು ಸರಿಹೋಗುವುದಿಲ್ಲ. ಹೆಸರು ರೋಮನ್‌ನಲ್ಲಿರಲಿ, ಕನ್ನಡ ತಲೆಬರಹದಲ್ಲಿರಲಿ. ಒಮ್ಮೆ ಪ್ರಕಟಿಸಿದ ಮೇಲೆ ಹೆಸರನ್ನು ಬದಲಾಯಿಸಬೇಡಿ, ಹಂಚಿದ ಕೊಂಡಿಗಳೆಲ್ಲ ಸಾಯುತ್ತವೆ.

ಕಡತದ ತಲೆಯಲ್ಲಿ ಮೂರು ಹೈಫನ್‌ಗಳ ಎರಡು ಸಾಲು, ಅವುಗಳ ನಡುವೆ ಟೈಟಲ್, ಡೇಟ್, ಲ್ಯಾಂಗ್. ಲ್ಯಾಂಗ್‌ಗೆ ಕೆಎನ್ ಎಂದು ಕೊಡಿ. ಪ್ಯಾನ್‌ಡಾಕ್ ಅದನ್ನು ಪುಟದ ಭಾಷೆಯಾಗಿ ದಾಖಲಿಸುತ್ತದೆ, ತೆರೆ ಓದುವ ತಂತ್ರಾಂಶಕ್ಕೂ ಹುಡುಕುವ ಯಂತ್ರಕ್ಕೂ ಅದು ಬೇಕು. ಇಲ್ಲಿ ಎಲ್ಲರೂ ಎಡವುವ ಕಲ್ಲು ಒಂದಿದೆ. ತಲೆಬರಹ ‘ಡೊಂಬಿವಲಿ: ಒಂದು ಬೆಳಗು’ ಎಂದಿದ್ದರೆ ಆ ಎರಡನೆಯ ಕೋಲನ್ (ಮೊದಲನೆಯದು ಟೈಟಲ್ ಪದದ ನಂತರದ್ದು) ಕಂಡು ಪ್ಯಾನ್‌ಡಾಕ್ ಯಾಮ್‌ಲ್ ದೋಷ ಎಂದು ನಿಂತುಬಿಡುತ್ತದೆ; ಯಾಮ್‌ಲ್ ಎಂದರೆ ಈ ತಲೆಯನ್ನು ಬರೆಯುವ ಕ್ರಮ. ತಲೆಬರಹಕ್ಕೆ ಯಾವಾಗಲೂ ಜೋಡಿ ಉದ್ಧರಣ ಚಿಹ್ನೆ ಹಾಕುವ ಅಭ್ಯಾಸ ಮಾಡಿಕೊಂಡರೆ ಈ ತೊಂದರೆ ಹುಟ್ಟುವುದೇ ಇಲ್ಲ.

ಇಲ್ಲಿಯವರ ಬರಹದಲ್ಲಿ ತುಳು, ಕೊಂಕಣಿ, ಮರಾಠಿ ಬೆರೆಯುವುದು ಸಹಜ. ಕನ್ನಡ ಲಿಪಿಯ ತುಳು ಸಾಲನ್ನು ಚೌಕ ಕಂಸದಲ್ಲಿಟ್ಟು, ಅದಕ್ಕೆ ಅಂಟಿದ ಹೂಕಂಸದಲ್ಲಿ ಲ್ಯಾಂಗ್ ಸಮ ಟಿಸಿವೈ ಎಂದು ಕೊಡಬಹುದು. ಮರಾಠಿಗೆ ಎಮ್‌ಆರ್, ಕೊಂಕಣಿಗೆ ಕೆಒಕೆ. ಓದುಗರಿಗೆ ಏನೂ ಕಾಣುವುದಿಲ್ಲ, ಆದರೆ ಮುಂದೊಂದು ದಿನ ‘ತುಳು ಸಾಲುಗಳನ್ನೆಲ್ಲ ತೆಗೆದುಕೊಡು’ ಎಂದು ಹುಡುಕುವ ಆಜ್ಞೆಯಾದ ಗ್ರೆಪ್‌ಗೆ ಹೇಳಬಹುದು.

ಮಾರ್ಕ್‌ಡೌನ್ ಕೊಡುವ ಎರಡು ಪೆಟ್ಟು ಗೊತ್ತಿರಲಿ. ಸಾಲಿನ ಮೊದಲಲ್ಲಿ ಅಂಕಿ, ಅದರ ಹಿಂದೆಯೇ ಚುಕ್ಕೆ ಮತ್ತು ಖಾಲಿ ಜಾಗ ಬಂದರೆ ಅದು ಪಟ್ಟಿ ಎಂದು ತಿಳಿಯುತ್ತದೆ. ‘2005. ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ’ ಎಂದು ಪ್ಯಾರಾ ಆರಂಭಿಸಿದರೆ, ಪುಟದಲ್ಲಿ ಆ ಸಾಲು 2005ನೆಯ ಅಂಶವಿರುವ ಪಟ್ಟಿಯಾಗಿ ಒಳಸರಿದು ಕೂರುತ್ತದೆ. ಚುಕ್ಕೆಯ ಮುಂಚೆ ಹಿಂದೋರೆಗೆರೆ ಹಾಕಿದರೆ ಸರಿಯಾಗುತ್ತದೆ. ಎರಡನೆಯದು ಪದ್ಯ. ಸಾಲು ಮುರಿದು ಬರೆದ ಕವಿತೆ ಪುಟದಲ್ಲಿ ಒಂದೇ ಗದ್ಯದ ಪ್ಯಾರಾ ಆಗುತ್ತದೆ. ಪ್ರತಿ ಸಾಲಿನ ಮೊದಲಿಗೆ ಲಂಬಗೆರೆ ಮತ್ತು ಒಂದು ಖಾಲಿ ಜಾಗ ಕೊಡಿ, ಪ್ಯಾನ್‌ಡಾಕ್ ಸಾಲುಗಳನ್ನು ಹಾಗೆಯೇ ಉಳಿಸುತ್ತದೆ. ಸಾಲಿನ ಕೊನೆಗೆ ಎರಡು ಖಾಲಿ ಜಾಗ ಬಿಡುವ ಉಪಾಯವೂ ಇದೆ, ಆದರೆ ಕಣ್ಣಿಗೆ ಕಾಣದ ಗುರುತನ್ನು ನಂಬಬಾರದು. ಎಷ್ಟೋ ಎಡಿಟರ್‌ಗಳು ಉಳಿಸುವಾಗ ಅದನ್ನು ಗುಡಿಸಿ ಹಾಕುತ್ತವೆ.

ಗದ್ಯ ಬರೆಯುವಾಗ ವಾಕ್ಯಕ್ಕೊಂದು ಸಾಲು ಎಂಬ ನಿಯಮ ಬಹಳ ಉಪಕಾರಿ. ಪುಟದಲ್ಲಿ ಅವು ಸೇರಿಕೊಳ್ಳುತ್ತವೆ. ಗಿಟ್‌ನಲ್ಲಿ ಮಾತ್ರ ಯಾವ ವಾಕ್ಯ ಬದಲಾಯಿತೆಂದು ನಿಚ್ಚಳವಾಗಿ ತೋರುತ್ತದೆ.

ಅಕ್ಷರ ಚೊಕ್ಕ ಮಾಡುವುದು

ಪ್ರಕಟಣೆಗೆ ಮುಂಚೆ ಪ್ರತಿ ಕಡತವೂ ಒಂದು ಸಣ್ಣ ಜರಡಿಯ ಮೂಲಕ ಹೋಗಬೇಕು. ಈ ಕೆಳಗಿನ ಎಲ್ಲ ತಪ್ಪೂ ಕಣ್ಣಿಗೆ ಸರಿಯಾಗಿಯೇ ಕಾಣುತ್ತವೆ, ಆದ್ದರಿಂದಲೇ ಜರಡಿ ಬೇಕು.

ಮೊದಲನೆಯದು ಸೊನ್ನೆ ಮತ್ತು ಅನುಸ್ವಾರ. ಕನ್ನಡದ ಅಂಕಿ ೦ ಮತ್ತು ಅನುಸ್ವಾರ ಂ ನೋಡಲು ಒಂದೇ, ಒಳಗೆ ಬೇರೆ. ‘ಮು೦ಬಯಿ’ ಎಂದು ಸೊನ್ನೆ ಹಾಕಿ ಒತ್ತಿದರೆ ಓದುಗನಿಗೆ ವ್ಯತ್ಯಾಸ ಗೊತ್ತಾಗದು, ಹುಡುಕಾಟದಲ್ಲಿ ಆ ಪುಟ ಬರುವುದೇ ಇಲ್ಲ. ಹಳೆಯ ಡಿಟಿಪಿ ಅಭ್ಯಾಸದವರ ಬರಹದಲ್ಲಿ ಇದು ತೀರ ಸಾಮಾನ್ಯ. ಅಂಕಿಗಳನ್ನು 1, 2, 3 ಎಂದೇ ಬರೆಯುವವರಿಗೆ ಪರಿಹಾರ ಸುಲಭ: ೦ ಎಲ್ಲಿ ಸಿಕ್ಕರೂ ತಪ್ಪು, ಪಠ್ಯ ಬದಲಿಸುವ ಸೆಡ್ ಆಜ್ಞೆಯಲ್ಲಿ ಅದನ್ನು ಅನುಸ್ವಾರವಾಗಿ ಬದಲಿಸಿ. ಕನ್ನಡ ಅಂಕಿ ಬಳಸುವವರು ಹಾಗೆ ಕಣ್ಣುಮುಚ್ಚಿ ಬದಲಿಸಿದರೆ ೧೦೦ ಕೆಡುತ್ತದೆ. ಅಂಥವರು ಗ್ರೆಪ್‌ನಿಂದ ಹಿಂದೆ ಅಂಕಿಯಿಲ್ಲದ ಸೊನ್ನೆಗಳನ್ನಷ್ಟೇ ಹುಡುಕಿ, ಒಂದೊಂದಾಗಿ ತಿದ್ದಬೇಕು.

ಇದರ ತಮ್ಮ ವಿಸರ್ಗ. ‘ದುಃಖ’, ‘ಅಂತಃಕರಣ’ಗಳಲ್ಲಿ ವಿಸರ್ಗದ ಬದಲು ಕೋಲನ್ ಒತ್ತಿರುತ್ತಾರೆ. ಎರಡೂ ಬದಿಯಲ್ಲಿ ಜಾಗವಿಲ್ಲದೆ ಕನ್ನಡ ಅಕ್ಷರವಿರುವ ಕೋಲನ್ ಹುಡುಕಿದರೆ ಸಿಕ್ಕಿಬೀಳುತ್ತದೆ. 5:30ರಂಥ ಸಮಯ ಅದರಲ್ಲಿ ಬರುವುದಿಲ್ಲ.

ಮೂರನೆಯದೇ ಹೆಚ್ಚು ಕಾಡುವುದು: ಕಾಣದ ಬೇರ್ಪಡಕ. ‘ದಾದರ್‌ನಲ್ಲಿ’ ಎಂದು ಬರೆಯಲು ರ್ ಮತ್ತು ನ ನಡುವೆ ಶೂನ್ಯ ಅಗಲದ ಒಂದು ಸಂಕೇತ ಬೇಕು, ಅದರ ಸಂಖ್ಯೆ 200ಸಿ. ಇಲ್ಲದಿದ್ದರೆ ‘ದಾದರ್ನಲ್ಲಿ’ ಎಂದು ಅರ್ಕಾವೊತ್ತು ಬಂದುಬಿಡುತ್ತದೆ. ಅಲ್ಲಿ ಅದು ಬೇಕೇ ಬೇಕು. ಆದರೆ ಕೆಲವು ಕೀಲಿಮಣೆಗಳು ಪದದ ಕೊನೆಯ ಹಲಂತಕ್ಕೂ ಅದನ್ನು ಅಂಟಿಸಿಬಿಡುತ್ತವೆ. ಬರಿ ‘ದಾದರ್’ ಎಂಬ ಪದ ಒಂದು ಕಡೆ ಬಾಲದೊಂದಿಗೆ, ಇನ್ನೊಂದು ಕಡೆ ಬಾಲವಿಲ್ಲದೆ ಇರುತ್ತದೆ. ಕಣ್ಣಿಗೆ ಎರಡೂ ಒಂದೇ, ಪದಪಟ್ಟಿಯಲ್ಲಿ ಎರಡು. ನಿಯಮ ಇಷ್ಟು: ಎರಡು ಅಕ್ಷರಗಳ ನಡುವೆ ಇದ್ದರೆ ಇರಲಿ, ಖಾಲಿ ಜಾಗ, ವಿರಾಮ ಚಿಹ್ನೆ ಅಥವಾ ಸಾಲಿನ ಕೊನೆಯ ಮುಂಚೆ ಇದ್ದರೆ ಅಳಿಸಿ. ಬರಹಗಳಲ್ಲಿ ಹುಡುಕುವ ಸಣ್ಣ ಸ್ಕ್ರಿಪ್ಟ್ ಬರೆದುಕೊಂಡರೆ, ಅದು ಮೊದಲು 200ಸಿ ಮತ್ತು 200ಡಿ ಎರಡನ್ನೂ ಕಿತ್ತುಹಾಕಿ ಆಮೇಲೆ ಹುಡುಕುವಂತಿರಲಿ. ನೀವು ಕೇಳಿದ ಪದದಲ್ಲೂ ಕೀಳಬೇಕು ಎಂಬುದನ್ನು ಮರೆಯಬಾರದು.

200ಡಿ ಎಂದರೆ ಜೋಡಕ, ‘ರ‍್ಯಾಂಕ್’ ಎಂಬಲ್ಲಿ ಬೇಕಾಗುವಂಥದ್ದು. ಈಗಿನ ಕ್ರಮದಲ್ಲಿ ರ, ಜೋಡಕ, ಹಲಂತ, ಯ ಎಂದು ಬರಬೇಕು. ಹಳೆಯ ಪಠ್ಯದಲ್ಲಿ ಹಲಂತ ಮೊದಲು, ಜೋಡಕ ಆಮೇಲೆ ಇರುವುದುಂಟು. ಸಿಕ್ಕಿದಲ್ಲಿ ಅದಲು ಬದಲು ಮಾಡಿ.

ನಾಲ್ಕನೆಯದು ಸ್ವರಚಿಹ್ನೆಯ ಒಡೆದ ರೂಪ. ‘ೋ’ ಒಂದೇ ಸಂಕೇತವಾಗಿರಬಹುದು, ಇಲ್ಲವೇ ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂದು ಮೂರಾಗಿ ಒಡೆದಿರಬಹುದು. ‘ಗೋವಾ’ ಕೂಡಿದ ರೂಪದಲ್ಲಿ 4 ಸಂಕೇತ 12 ಬೈಟ್, ಒಡೆದ ರೂಪದಲ್ಲಿ 6 ಸಂಕೇತ 18 ಬೈಟ್. ಯೂನಿಕೋಡ್ ಎರಡನ್ನೂ ಸಮಾನ ಎನ್ನುತ್ತದೆ, ಗ್ರೆಪ್ ಎನ್ನುವುದಿಲ್ಲ. ಐಸಿಯು ಜೊತೆ ಬರುವ ಯುಕಾನ್ವ್ ಆಜ್ಞೆಗೆ ಹೈಫನ್ ಎಕ್ಸ್ ಆಯ್ಕೆಯಲ್ಲಿ ಎನಿ-ಎನ್‌ಎಫ್‌ಸಿ ಎಂದು ಕೊಟ್ಟರೆ ಎಲ್ಲವೂ ಕೂಡಿದ ರೂಪಕ್ಕೆ ಬರುತ್ತದೆ. ಜರಡಿಯಲ್ಲಿ ಇದನ್ನೇ ಮೊದಲ ಹಂತವಾಗಿಡಿ, ಮಿಕ್ಕ ಹುಡುಕಾಟಗಳು ಆಮೇಲೆ.

ಕಡತದ ಹೊರಮೈಯನ್ನೂ ನೋಡಿ. ಫೈಲ್ ಎಂಬ ಆಜ್ಞೆ ಕೊಟ್ಟರೆ ಯುಟಿಎಫ್-8 ಹೌದೋ ಅಲ್ಲವೋ, ವಿಂಡೋಸ್‌ನ ಸಾಲಿನ ಕೊನೆ ಇದೆಯೋ, ತಲೆಯಲ್ಲಿ ಬಾಮ್ ಎಂಬ 3 ಬೈಟ್ ಗುರುತಿದೆಯೋ ತಿಳಿಯುತ್ತದೆ. ಬರಹದ ಕಡತದಲ್ಲಿ ಇವು ಅಷ್ಟೇನೂ ಹಾನಿ ಮಾಡವು. ಆದರೆ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ವಿಂಡೋಸ್‌ನ ಸಾಲುಕೊನೆ ಇದ್ದರೆ ‘ಬ್ಯಾಡ್ ಇಂಟರ್‌ಪ್ರಿಟರ್’ ಎಂದು ಓಡುವುದೇ ಇಲ್ಲ.

ಕಾಗುಣಿತ ನೋಡುವ ಹನ್‌ಸ್ಪೆಲ್‌ಗೆ ಕನ್ನಡ ಪದಪಟ್ಟಿ ಇದೆ. ವಿಭಕ್ತಿ, ಸಂಧಿ, ಅವ್ಯಯ ಎಲ್ಲ ಅಂಟಿಕೊಳ್ಳುವ ನಮ್ಮ ಭಾಷೆಯಲ್ಲಿ ಅದು ಸರಿಯಾದ ಪದಗಳನ್ನೂ ರಾಶಿರಾಶಿಯಾಗಿ ತಪ್ಪೆನ್ನುತ್ತದೆ. ಅದಕ್ಕಿಂತ ಕಿವಿ ಒಳ್ಳೆಯ ಪರೀಕ್ಷಕ. ಈಸ್ಪೀಕ್-ಎನ್‌ಜಿಯಲ್ಲಿ ಕನ್ನಡ ಧ್ವನಿ ಇದೆ, ಕಡತವನ್ನು ಅದರಿಂದ ಓದಿಸಿ ಕೇಳಿ. ಧ್ವನಿ ಯಾಂತ್ರಿಕವಾದದ್ದು, ಆದರೆ ಬಿಟ್ಟುಹೋದ ದೀರ್ಘ, ಎರಡು ಸಲ ಬಂದ ಪದ, ಅನುಸ್ವಾರದ ಜಾಗದಲ್ಲಿ ಕೂತ ಸೊನ್ನೆ ಕಿವಿಗೆ ಥಟ್ಟನೆ ಹೊಡೆಯುತ್ತವೆ.

ಎಣಿಕೆಯ ಬಗ್ಗೆ ಒಂದು ಮಾತು. ಡಬ್ಲ್ಯೂಸಿ ಆಜ್ಞೆಗೆ ಹೈಫನ್ ಡಬ್ಲ್ಯೂ ಕೊಟ್ಟರೆ ಪದಗಳು, ಹೈಫನ್ ಎಮ್ ಕೊಟ್ಟರೆ ಸಂಕೇತಗಳು, ಹೈಫನ್ ಸಿ ಕೊಟ್ಟರೆ ಬೈಟ್‌ಗಳು. ಪದಕ್ಕೆ ಸರಾಸರಿ 8 ಸಂಕೇತ ಹಿಡಿದರೆ ಸಾವಿರ ಪದದ ಲೇಖನ ಸುಮಾರು 25 ಕಿಲೋಬೈಟ್. ನೂರು ಲೇಖನ ಸೇರಿದರೂ ಫೋನಿನಲ್ಲಿ ತೆಗೆದ ಒಂದು ಚಿತ್ರದಷ್ಟು ಆದೀತು. ಪುಟದಲ್ಲಿ ತೋರಿಸಲು ‘ಮೊದಲ 200 ಅಕ್ಷರ’ ಎಂದು ಕತ್ತರಿಸಿ ಸಾರಾಂಶ ತೆಗೆಯಬೇಡಿ. ಕಟ್ ಆಜ್ಞೆ ಹಲವು ಆವೃತ್ತಿಗಳಲ್ಲಿ ಬೈಟ್ ಲೆಕ್ಕದಲ್ಲೇ ಕತ್ತರಿಸುತ್ತದೆ, ಪಠ್ಯ ಸಂಸ್ಕರಿಸುವ ಆಕ್ ಆಜ್ಞೆಯಾಗಿ ಡೆಬಿಯನ್‌ನಲ್ಲಿ ಮೊದಲೇ ಬರುವ ಮಾಕ್ ಕೂಡ ಹಾಗೆಯೇ. ಕೊನೆಯ ಅಕ್ಷರ ಪ್ರಶ್ನೆಚಿಹ್ನೆಯ ಚೌಕವಾಗುತ್ತದೆ. ಸಂಕೇತದ ಲೆಕ್ಕದಲ್ಲಿ ಕತ್ತರಿಸಿದರೂ ಒತ್ತಿನ ನಡುವೆ ಕತ್ತಿ ಬೀಳಬಹುದು. ಮೊದಲ ಪ್ಯಾರಾವನ್ನು ಇಡಿಯಾಗಿ ತೆಗೆಯುವುದೇ ಸರಿ.

ಪುಟ ಕಟ್ಟುವುದು

ಮೇಕ್‌ಫೈಲ್‌ನ ಹೃದಯ ಒಂದೇ ನಿಯಮ: ಬರಹದ ಕೋಶದಲ್ಲಿರುವ ಪ್ರತಿ ಎಮ್‌ಡಿ (ಮಾರ್ಕ್‌ಡೌನ್) ಕಡತದಿಂದ, ಟೆಂಪ್ಲೇಟ್ (ಪುಟದ ಅಚ್ಚು) ಬಳಸಿ, ಹೊರಕೋಶದಲ್ಲಿ ಅದೇ ಹೆಸರಿನ ಎಚ್‌ಟಿಎಮ್‌ಎಲ್ ಮಾಡು. ಬದಲಾದ ಬರಹವನ್ನಷ್ಟೇ ಮೇಕ್ ಮತ್ತೆ ಕಟ್ಟುತ್ತದೆ. ನಿಯಮದಲ್ಲಿ ಟೆಂಪ್ಲೇಟನ್ನೂ ಅವಲಂಬನೆಯಾಗಿ ಬರೆಯಲು ಮರೆತರೆ, ವಿನ್ಯಾಸ ಬದಲಿಸಿದಾಗ ಹಳೆಯ ಪುಟಗಳು ಹಳೆಯ ಅಂಗಿಯಲ್ಲೇ ಉಳಿಯುತ್ತವೆ. ಆಜ್ಞೆಯ ಸಾಲು ಟ್ಯಾಬ್‌ನಿಂದ ಆರಂಭವಾಗಬೇಕು. ಖಾಲಿ ಜಾಗ ಕೊಟ್ಟರೆ ‘ಮಿಸ್ಸಿಂಗ್ ಸೆಪರೇಟರ್’ ಎನ್ನುತ್ತದೆ. ಬರಹವೊಂದನ್ನು ಅಳಿಸಿದರೆ ಅದರ ಎಚ್‌ಟಿಎಮ್‌ಎಲ್ ತಾನಾಗಿ ಹೋಗುವುದಿಲ್ಲ, ಆಗ ಹೊರಕೋಶವನ್ನು ಬರಿದು ಮಾಡಿ ಮೊದಲಿಂದ ಕಟ್ಟಬೇಕು.

ಟೆಂಪ್ಲೇಟ್ ಇಪ್ಪತ್ತು ಸಾಲು ಸಾಕು. ಅಕ್ಷರಸಂಕೇತ ಯುಟಿಎಫ್-8 ಎಂದು ಹೇಳುವ ಮೆಟಾ ಸಾಲು ಮೊದಲ 1024 ಬೈಟ್‌ಗಳ ಒಳಗಿರಬೇಕು. ಹೊರಗಿನಿಂದ ಫಾಂಟ್ ತರಿಸುವ ಅಗತ್ಯವಿಲ್ಲ: ಆಂಡ್ರಾಯ್ಡ್‌ನಲ್ಲಿ ನೋಟೊ, ವಿಂಡೋಸ್‌ನಲ್ಲಿ ತುಂಗಾ ಅಥವಾ ನಿರ್ಮಲಾ, ಮ್ಯಾಕ್‌ನಲ್ಲಿ ಕನ್ನಡ ಸಂಗಮ್ ಆಗಲೇ ಇವೆ. ಸಾಲುಗಳ ಎತ್ತರ 1.7 ಕೊಡಿ, ರೋಮನ್‌ಗೆ ಸಾಕಾಗುವ 1.4ರಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎರಡೂ ಅಂಚು ಸಮ ಮಾಡಬೇಡಿ, ಉದ್ದ ಪದಗಳ ನಡುವೆ ಬಿಳಿ ಕಾಲುವೆ ತೆರೆಯುತ್ತದೆ. ಅಕ್ಷರಗಳ ನಡುವಿನ ಅಂತರವನ್ನು ಮುಟ್ಟಲೇಬೇಡಿ. ಸಣ್ಣ ತೆರೆಯಲ್ಲಿ ‘ಮಾಡಿಕೊಳ್ಳಬೇಕಾಗಿತ್ತೆಂಬುದನ್ನು’ ಥರದ ಪದ ಅಂಚು ದಾಟದಂತೆ ಓವರ್‌ಫ್ಲೋ-ರ‍್ಯಾಪ್ ಎಂಬ ಗುಣಕ್ಕೆ ಬ್ರೇಕ್-ವರ್ಡ್ ಕೊಡಿ.

ಮುಖಪುಟದ ಪಟ್ಟಿಗೆ ಕಡತಗಳನ್ನು ಹಿಮ್ಮುಖವಾಗಿ ಸುತ್ತಿ, ಪ್ರತಿಯೊಂದರ ಟೈಟಲ್ ಸಾಲನ್ನು ಸೆಡ್‌ನಿಂದ ಎತ್ತಿಕೊಂಡರೆ ಆಯಿತು. ತಿಂಗಳ ಹೆಸರು ಕನ್ನಡದಲ್ಲಿ ಬೇಕಾದರೆ ಡೇಟ್ ಆಜ್ಞೆಗೆ ಕನ್ನಡ ಲೊಕೇಲ್ (ಭಾಷೆಯ ಆಯ್ಕೆ) ಕೊಡಬಹುದು, ಆದರೆ ಆ ಲೊಕೇಲ್ ಯಂತ್ರದಲ್ಲಿ ಸಿದ್ಧವಾಗಿರದಿದ್ದರೆ ದೋಷ ಹೇಳದೆ ಇಂಗ್ಲಿಷ್ ಹೆಸರನ್ನೇ ಕೊಡುತ್ತದೆ. ಹನ್ನೆರಡು ಸಾಲಿನ ಕೇಸ್ ಪಟ್ಟಿ ಹೆಚ್ಚು ನಂಬಿಕಸ್ಥ.

ಹೊಸ ಬರಹ ಬಂದದ್ದನ್ನು ಓದುಗರ ತಂತ್ರಾಂಶಕ್ಕೆ ತಿಳಿಸುವ ಫೀಡ್ ಇರಲಿ, ಆಟಮ್ ರೂಪದಲ್ಲಿರಲಿ. ಫೀಡಿನ ಇನ್ನೊಂದು ರೂಪವಾದ ಆರ್‌ಎಸ್‌ಎಸ್‌ಗೆ ವಾರ, ತಿಂಗಳುಗಳ ಇಂಗ್ಲಿಷ್ ಹೆಸರು ಬೇಕು. ಆಟಮ್‌ಗೆ ಅಂಕಿಯ ದಿನಾಂಕ ಮತ್ತು +05:30 ಸಾಕು. ಬರಹದಲ್ಲಿ ಒಂದೇ ಒಂದು ಆಂಪರ್‌ಸ್ಯಾಂಡ್ (&) ಚಿಹ್ನೆ ಹಾಗೇ ಉಳಿದರೂ ಇಡೀ ಫೀಡ್ ಒಡೆಯುತ್ತದೆ. ಅದನ್ನು ಬದಲಿಸುವ ಸೆಡ್ ಸಾಲು ಕೋನಕಂಸಗಳನ್ನು ಬದಲಿಸುವ ಸಾಲಿಗಿಂತ ಮುಂಚೆ ಇರಬೇಕು. ತಿರುವುಮುರುವಾದರೆ ಬದಲಿಸಿದ್ದನ್ನೇ ಮತ್ತೆ ಬದಲಿಸುತ್ತದೆ.

ಕಳಿಸುವುದು

ಆರ್‌ಸಿಂಕ್‌ಗೆ ಹೈಫನ್ ಎವಿಜೆಡ್ ಮತ್ತು ಡಿಲೀಟ್ ಆಯ್ಕೆ ಕೊಟ್ಟರೆ ಹೊರಕೋಶ ಮತ್ತು ಸರ್ವರ್ ಒಂದೇ ಆಗುತ್ತವೆ. ಎಚ್ಚರ ಬೇಕಾದ್ದು ಓರೆಗೆರೆಯಲ್ಲಿ. ಮೂಲದ ಹೆಸರಿನ ಕೊನೆಗೆ ಓರೆಗೆರೆ ಇದ್ದರೆ ಕೋಶದ ಒಳಗಿನದು ಹೋಗುತ್ತದೆ, ಇಲ್ಲದಿದ್ದರೆ ಕೋಶವೇ ಹೋಗಿ ಅಲ್ಲಿ ಇನ್ನೊಂದು ಕೋಶವಾಗಿ ಕೂರುತ್ತದೆ. ಡಿಲೀಟ್ ಜೊತೆ ತಪ್ಪು ಗುರಿ ಕೊಟ್ಟರೆ ಅಲ್ಲಿದ್ದ ಬೇರೆಲ್ಲವೂ ಅಳಿಯುತ್ತದೆ. ಸ್ಕ್ರಿಪ್ಟ್ ಬದಲಿಸಿದಾಗಲೆಲ್ಲ ಮೊದಲು ಹೈಫನ್ ಎನ್ ಹಾಕಿ, ಏನೇನು ಅಳಿಯುತ್ತದೆಂದು ಓದಿ, ಆಮೇಲೆ ನಿಜವಾಗಿ ಓಡಿಸಿ. ಪುಟ ತೆರೆದಾಗ 403 ಬಂದರೆ ಅನುಮತಿಯ ದೋಷ. ಆರ್‌ಸಿಂಕ್‌ನ ಸಿಎಚ್‌ಮಾಡ್ ಆಯ್ಕೆಯಲ್ಲಿ ಕೋಶಕ್ಕೆ 755, ಕಡತಕ್ಕೆ 644 ಕೊಡಿ.

ಪುಟದ ಜೊತೆಗೆ ಮೂಲ ಪಠ್ಯವನ್ನೂ ಟಿಎಕ್ಸ್‌ಟಿ ಆಗಿ ಇಡುವುದು ಒಳ್ಳೆಯ ರೂಢಿ. ಸಾದಾ ಪಠ್ಯದಲ್ಲಿ ಮೆಟಾ ಸಾಲು ಇರುವುದಿಲ್ಲವಾದ್ದರಿಂದ ಅಕ್ಷರಸಂಕೇತವನ್ನು ಸರ್ವರ್ ಹೇಳಬೇಕು. ಎಂಜಿನ್‌ಎಕ್ಸ್‌ನಲ್ಲಿ ಚಾರ್‌ಸೆಟ್, ಅಪಾಚೆಯಲ್ಲಿ ಆ್ಯಡ್‌ಡಿಫಾಲ್ಟ್‌ಚಾರ್‌ಸೆಟ್ ಯುಟಿಎಫ್-8 ಎಂದಿರಲಿ. ಈ ಕೊನೆಯದರಲ್ಲಿ ಎ, ಡಿ, ಸಿ ದೊಡ್ಡಕ್ಷರ. ಸರ್ವರ್ ನಿಮ್ಮ ಕೈಯಲ್ಲಿಲ್ಲದಿದ್ದರೆ ಟಿಎಕ್ಸ್‌ಟಿಯ ತಲೆಗೆ ಬಾಮ್ ಸೇರಿಸಿ. ಈ ಕೆಲಸದಲ್ಲಿ ಅದು ಉಪಯೋಗಕ್ಕೆ ಬರುವ ಒಂದೇ ಜಾಗ ಇದು. ಗಿಟ್‌ಹಬ್ ಪೇಜಸ್‌ನಲ್ಲಿ ಇಡುವವರು ನೋಜೆಕಿಲ್ ಎಂಬ ಚುಕ್ಕೆಯಿಂದ ಶುರುವಾಗುವ ಖಾಲಿ ಕಡತ ಹಾಕಬೇಕು, ಇಲ್ಲದಿದ್ದರೆ ಅಡಿಗೆರೆಯಿಂದ ಆರಂಭವಾಗುವ ಹೆಸರುಗಳು ಕಾಣೆಯಾಗುತ್ತವೆ. ಅಲ್ಲಿನ ಮಿತಿ 1 ಗಿಗಾಬೈಟ್. ಪಠ್ಯಕ್ಕೆ ಅದು ಜನ್ಮಕ್ಕೆ ಸಾಕು.

ಲೋಕಲ್‌ನಲ್ಲಿ ಕೂತು

ಕಲ್ಯಾಣದಿಂದ ಸಿಎಸ್‌ಎಮ್‌ಟಿಗೆ ಗಂಟೆ ದಾಟಿ ಹೋಗುವ ಪ್ರಯಾಣದಲ್ಲಿ ಸೀಟು ಸಿಕ್ಕವರು ಫೋನಿನಲ್ಲೇ ಎಲ್ಲವನ್ನೂ ಮಾಡಬಹುದು. ಆಂಡ್ರಾಯ್ಡ್ ಫೋನಿಗೆ ಟರ್ಮಿನಲ್ ಕೊಡುವ ಟರ್ಮಕ್ಸ್ ಹಾಕಿಕೊಳ್ಳಿ, ಎಫ್-ಡ್ರಾಯ್ಡ್ ಎಂಬ ಆ್ಯಪ್ ಸಂಗ್ರಹದಿಂದ. ಅದರ ತೆರೆಯಲ್ಲಿ ನೇರವಾಗಿ ಕನ್ನಡ ಒತ್ತುವುದು ಕಷ್ಟ. ಕೆಳಗಿನ ಹೆಚ್ಚುವರಿ ಕೀಲಿಗಳ ಪಟ್ಟಿಯನ್ನು ಎಡಕ್ಕೆ ಸರಿಸಿದರೆ ಬರೆಯುವ ಪೆಟ್ಟಿಗೆ ಬರುತ್ತದೆ, ಅಲ್ಲಿ ಕೀಲಿಮಣೆ ಸರಿಯಾಗಿ ನಡೆಯುತ್ತದೆ. ಉದ್ದ ಬರಹಕ್ಕೆ ಸಾದಾ ಪಠ್ಯ ಉಳಿಸುವ ಯಾವುದಾದರೂ ಎಡಿಟರ್ ಆ್ಯಪ್ ಬಳಸಿ. ಗಿಟ್ ಕೋಶವನ್ನು ಮಾತ್ರ ಫೋನಿನ ಹಂಚಿಕೆಯ ಸಂಗ್ರಹದಲ್ಲಿ ಇಡಬೇಡಿ. ಅಲ್ಲಿ ಕಡತದ ಅನುಮತಿಗಳು ನಿಲ್ಲುವುದಿಲ್ಲ, ಗಿಟ್ ಕೂಡ ಒಡೆತನ ಅನುಮಾನಾಸ್ಪದ ಎಂದು ತಕರಾರು ತೆಗೆಯುತ್ತದೆ. ಕೋಶ ಟರ್ಮಕ್ಸ್‌ನ ಮನೆಯಲ್ಲಿರಲಿ, ಎಡಿಟರ್‌ನಿಂದ ಕಡತವನ್ನು ಅಲ್ಲಿಗೆ ನಕಲು ಮಾಡಿ. ಕಮಿಟ್‌ಗೆ (ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಲು) ನೆಟ್‌ವರ್ಕ್ ಬೇಕಿಲ್ಲ, ಸಿಗ್ನಲ್ ಸಿಗದ ಕಡೆಯೂ ಆಗುತ್ತದೆ. ಅದನ್ನು ಹೊರಗೆ ಕಳಿಸುವ ಪುಶ್ ಮಾಡುವುದು ಇಳಿದ ಮೇಲೆ. ಮನೆಯ ಗಣಕದಲ್ಲಿ ಅದೇ ಬರಹವನ್ನು ತಿದ್ದುವ ಮುಂಚೆ ಪುಲ್ ಮಾಡಿ ಹೊಸದನ್ನು ಇಳಿಸಿಕೊಂಡರೆ ಜಗಳವಿಲ್ಲ.

ಹಳೆಯ ನುಡಿ ಕಡತಗಳು

ಈ ಕೋಶಕ್ಕೆ ಹಳೆಯ ಬರಹಗಳನ್ನೂ ತರಬೇಕು. ಅದಕ್ಕೆ ಅಕ್ಷರಸಂಕೇತ ಬದಲಿಸುವ ಐಕಾನ್ವ್ ಆಜ್ಞೆ ಉಪಯೋಗಕ್ಕೆ ಬಾರದು. ನುಡಿ, ಬರಹ, ಶ್ರೀಲಿಪಿಯ ಹಳೆಯ ಪಠ್ಯ ನಿಜವಾದ ಅಕ್ಷರಸಂಕೇತವಾಗಿರದೆ ಫಾಂಟಿನ ಚೂರುಗಳ ಅನುಕ್ರಮವಾಗಿರುತ್ತದೆ. ಅದಕ್ಕೇ ಮಾಡಿದ ಪರಿವರ್ತಕ ಬೇಕು, ಪ್ರತಿ ಫಾಂಟ್ ಕುಟುಂಬಕ್ಕೂ ಬೇರೆ. ಪೇಜ್‌ಮೇಕರ್‌ನಿಂದ ಪಠ್ಯವನ್ನು ಹೊರತೆಗೆಯುವಾಗ ಕಡತವನ್ನು ಯುಟಿಎಫ್-8ಕ್ಕೆ ಬದಲಿಸಲು ಬಿಡಬೇಡಿ, ಮೂಲ ಬೈಟ್‌ಗಳು ಹಾಗೇ ಬರಲಿ.

ಪರಿವರ್ತನೆಯಾದ ಮೇಲೆ ಮೊದಲು ನೋಡಬೇಕಾದ್ದು ಅರ್ಕಾವೊತ್ತು. ಹಳೆಯ ಫಾಂಟಿನಲ್ಲಿ ಅದು ವ್ಯಂಜನದ ನಂತರ ಬರುವ ಚೂರು, ಯೂನಿಕೋಡ್‌ನಲ್ಲಿ ರ್ ಎಂಬುದು ವ್ಯಂಜನದ ಮುಂಚೆ ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ದಾಟಿಸುವಾಗ ಒತ್ತೋ ಗುಣಿತವೋ ಇದ್ದ ಕಡೆ ಎಡವುತ್ತದೆ. ‘ಸೂರ್ಯ’ ಸರಿ ಬಂದು ‘ಪೂರ್ತಿ’ ಕೆಡಬಹುದು. ಆಮೇಲೆ ಪದದ ಮೊದಲಲ್ಲೇ ಸ್ವರಚಿಹ್ನೆ ಇರುವ ಜಾಗಗಳನ್ನು ಗ್ರೆಪ್‌ನಿಂದ ಹುಡುಕಿ. ಕನ್ನಡದಲ್ಲಿ ಹಾಗೆ ಬರುವಂತೆಯೇ ಇಲ್ಲ, ಸಿಕ್ಕಿದ್ದೆಲ್ಲ ತಪ್ಪು. ಕೊನೆಗೆ ಮೇಲೆ ಹೇಳಿದ ಜರಡಿ ಹಿಡಿದು, ಕಾಗದದ ಪ್ರತಿಯನ್ನು ಪಕ್ಕದಲ್ಲಿಟ್ಟು ಒಮ್ಮೆ ಓದಿ.

ಕಡತದ ಹೆಸರಿಗೆ ಸಂಚಿಕೆ ಪ್ರಕಟವಾದ ದಿನಾಂಕವನ್ನೇ ಕೊಡಿ, ಪರಿವರ್ತಿಸಿದ ದಿನವನ್ನಲ್ಲ. ವರ್ಷ ಮಾತ್ರ ಗೊತ್ತಿದ್ದರೆ ತಿಂಗಳು, ದಿನದ ಜಾಗಕ್ಕೆ 00 ಹಾಕಬೇಡಿ, ಆಟಮ್ ಫೀಡ್ ಅಂಥ ದಿನಾಂಕವನ್ನು ಒಪ್ಪುವುದಿಲ್ಲ. 01-01 ಕೊಟ್ಟು, ಯಾವ ಸಂಚಿಕೆ, ಯಾವ ಪುಟ ಎಂಬುದನ್ನು ಬರಹದ ಮೊದಲ ಸಾಲಿನಲ್ಲೇ ಬರೆದಿಡಿ.